ಚಪ್ಪಾಳೆ ತಟ್ಟುವವರ ಕಷ್ಟ

ಮುಂಬಯಿಯವರಿಗೆ ಪುರುಸೊತ್ತಿಲ್ಲ ಎನ್ನುವುದು ಊರಲ್ಲಿ ಕೂತವರು ಹಬ್ಬಿಸಿದ ಸುದ್ದಿ. ಇಲ್ಲಿಯವರು ಓಡುವುದೇನೋ ನಿಜ. ಆದರೆ ಓಡುತ್ತಿರುವಾಗಲೇ ನಿಂತು ನೋಡುವ ಚಟವೊಂದು ಈ ಊರಿಗೆ ಅಂಟಿಕೊಂಡಿದೆ. ಮಹಾಪಾಲಿಕೆಯವರು ರಸ್ತೆ ಅಗೆದು ಪೈಪು ಎತ್ತುತ್ತಿದ್ದರೆ ಹೊಂಡದ ಸುತ್ತ ಬ್ಯಾಗು ತಗುಲಿಸಿಕೊಂಡ ಹತ್ತು ಮಂದಿ. ಟ್ರಾಫಿಕ್ಕಿನವರು ಯಾರದೋ ಸ್ಕೂಟರನ್ನು ಎತ್ತಿ ಟೆಂಪೋಗೆ ಹಾಕುತ್ತಿದ್ದರೆ ಇಪ್ಪತ್ತು ಮಂದಿ. ಚರ್ಚ್‌ಗೇಟಿನಲ್ಲಿ ಇಳಿದು ಹೈಕೋರ್ಟಿಗೆ ಹೊರಟ ವಕೀಲರು ಓವಲ್ ಮೈದಾನ ದಾಟುವಾಗ, ಗುರುತು ಪರಿಚಯವಿಲ್ಲದ ಯಾವನೋ ಹುಡುಗನ ಬ್ಯಾಟಿಂಗನ್ನು ಒಂದು ಓವರ್ ನಿಂತು ನೋಡುತ್ತಾರೆ. ‘ಎಡಗಾಲು ಮುಂದೆ ಬರ್ತಾ ಇಲ್ಲ’ ಎಂದು ತೀರ್ಪು ಕೊಟ್ಟಮೇಲೇ ಕದಲುತ್ತಾರೆ. ಅಲ್ಲಿ ಕೋರ್ಟಿನ ಜಗಲಿಯಲ್ಲಿ ಅವರ ಕಕ್ಷಿದಾರ ಕಾಯುತ್ತ ನಿಂತಿರುತ್ತಾನೆ, ಅದು ಬೇರೆ ವಿಷಯ.

ನೋಡುವುದರಲ್ಲಿ ಇಷ್ಟು ಪಳಗಿದ ಊರು ಜನವರಿಯ ಮೂರನೆಯ ಭಾನುವಾರ ಬೆಳಿಗ್ಗೆ ಮಾತ್ರ ತಬ್ಬಿಬ್ಬಾಗುತ್ತದೆ. ಅಂದು ಮುಂಬಯಿ ಮ್ಯಾರಥಾನ್. 2004ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಹೆಸರಿನಲ್ಲಿ ಹುಟ್ಟಿ, 2018ರಿಂದ ಟಾಟಾ ಹೆಸರಿಗೆ ಬಂದ ಈ ಓಟದಲ್ಲಿ ಇಥಿಯೋಪಿಯ, ಕೆನ್ಯಾದವರು ಪೆಡ್ಡರ್ ರೋಡಿನ ಏರನ್ನು ಏರೆಂದೇ ಲೆಕ್ಕಿಸದೆ ಹಾರಿ ಹೋಗುವುದನ್ನು ನೋಡಬಹುದು. ಅದನ್ನು ನೋಡಲು ಯಾರಿಗೂ ಕಷ್ಟವಿಲ್ಲ. ಬಾಯಿ ತೆರೆದು ನಿಂತರೆ ಸಾಕು. ‘ಡ್ರೀಮ್ ರನ್’ ನೋಡಲೂ ಕಷ್ಟವಿಲ್ಲ. ಅಲ್ಲಿ ಶಿವಾಜಿಯ ವೇಷದವರು, ಪ್ಲಾಸ್ಟಿಕ್ ಬಾಟಲಿಯ ವೇಷದವರು, ನಮ್ಮದೇ ಆಫೀಸಿನ ಮ್ಯಾನೇಜರು ಎಲ್ಲರೂ ಇರುತ್ತಾರೆ, ನಕ್ಕರಾಯಿತು. ಕಷ್ಟ ಬರುವುದು ‘ಚಾಂಪಿಯನ್ಸ್ ವಿತ್ ಡಿಸಬಿಲಿಟಿ’ ಎಂಬ ಓಟಕ್ಕೆ. ಸಿಎಸ್‌ಎಂಟಿ ಸ್ಟೇಷನ್ನಿನ ಎದುರಿಂದ ಹೊರಡುವ ಪುಟ್ಟ ದೂರದ ಓಟ ಅದು. ಗಾಲಿಕುರ್ಚಿ, ಕೈಯಲ್ಲಿ ತುಳಿಯುವ ಮೂರು ಚಕ್ರದ ಸೈಕಲ್ಲು, ಊರುಗೋಲು, ಬಿಳಿ ಕೋಲು, ಕೃತಕ ಕಾಲು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ, ಹೀಗೆ ರಸ್ತೆ ತುಂಬ ಜನ ಬರುತ್ತಾರೆ. ಬ್ಯಾರಿಕೇಡಿನ ಈಚೆ ನಿಂತವರಿಗೆ ಮುಖ ಹೇಗಿಟ್ಟುಕೊಳ್ಳಬೇಕು ಎಂಬುದೇ ಗೊತ್ತಾಗುವುದಿಲ್ಲ.

ಈ ಓಟಕ್ಕೆ ನನ್ನನ್ನು ಎಳೆದುಕೊಂಡು ಹೋದವರು ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ಶೆಟ್ರು. ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಫೋರ್ಟಿನ ಹೋಟೆಲಿಗೆ ಬಂದು ಹಗಲು ಟೇಬಲ್ ಒರಸಿ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸಿ, ಮುಂದೆ ಗಲ್ಲಾದ ಮೇಲೆ ಕೂತು, ಅಲ್ಲಿಂದ ಪಾಲುದಾರರಾದವರು. ಈಗ ಹೋಟೆಲು ಮಗನ ಕೈಯಲ್ಲಿ, ಕಾಲ ಶೆಟ್ರ ಕೈಯಲ್ಲಿ. ಗಲ್ಲಾದಲ್ಲಿ ಕೂತಷ್ಟು ವರ್ಷವೂ ಚಿಲ್ಲರೆ ಡಬ್ಬಿಯ ಪಕ್ಕ ಒಂದು ಟ್ರಾನ್ಸಿಸ್ಟರು ಇತ್ತಂತೆ. ಹಾಗಾಗಿ ಕ್ರಿಕೆಟ್ಟಿನಲ್ಲಿ ಅವರ ಮಾತಿಗೆ ನಮ್ಮ ಸೊಸೈಟಿಯಲ್ಲಿ ಅಪೀಲಿಲ್ಲ.

ಮ್ಯಾರಥಾನಿನ ದಿನ ರೈಲ್ವೆಯವರು ನಸುಕಿಗೂ ಮೊದಲೇ ವಿಶೇಷ ಲೋಕಲ್ ಬಿಡುತ್ತಾರೆ. ಮಿಕ್ಕ ಭಾನುವಾರಗಳಲ್ಲಿ ಮೆಗಾಬ್ಲಾಕ್ ಎಂದು ಹಳಿ ಕಿತ್ತು ಕೂರುವವರು ಅವರೇ, ಆದ್ದರಿಂದ ಈ ಉದಾರತನವನ್ನು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಲೋಕಲ್ಲಿನ ಮಾತು ಬಂದಮೇಲೆ ‘ಹ್ಯಾಂಡಿಕ್ಯಾಪ್ ಡಬ್ಬಾ’ದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಪ್ಲಾಟ್‌ಫಾರ್ಮಿನಲ್ಲಿ ಆ ಡಬ್ಬಿ ನಿಲ್ಲುವ ಜಾಗದಲ್ಲಿ ಬೀಪ್ ಬೀಪ್ ಎಂದು ಸದ್ದು ಮಾಡುವ ಯಂತ್ರ ಇಟ್ಟಿದ್ದಾರೆ, ಕಣ್ಣಿಲ್ಲದವರು ಸದ್ದು ಹಿಡಿದು ಬರಲಿ ಎಂದು. ಒಳ್ಳೆಯ ಏರ್ಪಾಡು. ಸಂಜೆ ಆರರ ದಾದರ್ ಗದ್ದಲದಲ್ಲಿ ಆ ಬೀಪು ಕೇಳಿಸಬೇಕಾದರೆ ಕಿವಿ ಎಷ್ಟು ಚುರುಕಿರಬೇಕು ಎಂದು ಯೋಚಿಸಿ. ಕೇಳಿ ಹತ್ತಿದರೆ ಒಳಗೆ ಕೈಕಾಲು ಗಟ್ಟಿಯಿರುವ ನಾಲ್ಕು ಮಂದಿ ಆಗಲೇ ಕೂತು ಮೊಬೈಲಿನಲ್ಲಿ ಸಿನಿಮಾ ನೋಡುತ್ತಿರುತ್ತಾರೆ. ರೈಲ್ವೆ ಪೊಲೀಸರು ಬಂದರೆ ತಕ್ಷಣ ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಕುಂಟು. ಈ ಊರಿನಲ್ಲಿ ದಿನವೂ ಲೋಕಲ್ ಹತ್ತಿ ಇಳಿಯುವ ಅಂಗವಿಕಲರಿಗೆ ಬೇರೆ ಕ್ರೀಡಾಕೂಟ ಏರ್ಪಡಿಸಬೇಕಾಗಿಯೇ ಇಲ್ಲ. ಗಾಲಿಕುರ್ಚಿಯವರಂತೂ ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಯನ್ನು ನೋಡಿಯೇ ಲೋಕಲ್ಲಿನ ಆಸೆ ಬಿಟ್ಟಿರುತ್ತಾರೆ.

ಅಂದು ಬೆಳಿಗ್ಗೆ ಮಾತ್ರ ಆ ಡಬ್ಬಿಯಿಂದ ಎದೆಗೆ ನಂಬರು ಚುಚ್ಚಿಕೊಂಡವರೇ ಇಳಿದರು.

ಬ್ಯಾರಿಕೇಡಿನ ಬಳಿ ನಮ್ಮ ಎಡಕ್ಕೆ ಒಬ್ಬ ಮಹಿಳೆ ಆಗಲೇ ಕಣ್ಣೊರಸಿಕೊಳ್ಳುತ್ತಿದ್ದರು. ಓಟ ಇನ್ನೂ ಶುರುವಾಗಿರಲಿಲ್ಲ. ಬಲಕ್ಕೆ ಕಾಲೇಜು ಹುಡುಗರ ಗುಂಪು, ‘ಯೂ ಕ್ಯಾನ್ ಡೂ ಇಟ್’ ಎಂದು ಹಲಗೆ ಹಿಡಿದು ನಿಂತಿತ್ತು. ಬ್ಯಾಂಡಿನವರು ಹಳೆಯ ಹಿಂದಿ ಸಿನಿಮಾದ ಹಾಡು ಬಾರಿಸುತ್ತಿದ್ದರು. ಓಟ ಹೊರಟಿತು. ಸ್ಪಾಸ್ಟಿಕ್ಸ್ ಸೊಸೈಟಿಯ ಹೆಸರು ಕೇಳಿರುತ್ತೀರಿ, 1972ರಲ್ಲಿ ಮಿಥು ಆಲೂರ್ ಮುಂಬಯಿಯಲ್ಲಿ ಶುರುಮಾಡಿದ್ದು, ಈಗ ಅದರ ಹೆಸರು ಅಡಾಪ್ಟ್. ಅಂಥ ಸಂಸ್ಥೆಗಳು, ಕುರುಡರ ಶಾಲೆಗಳು, ಕಿವುಡರ ಶಾಲೆಗಳು, ಬೆನ್ನುಹುರಿಗೆ ಪೆಟ್ಟಾದವರ ಕೂಟಗಳು ಒಂದರ ಹಿಂದೆ ಒಂದು ಬಂದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರು ಬಂದರೂ ಅದೇ ಚಪ್ಪಾಳೆ, ಮುಂದೆ ಇದ್ದವರಿಗೂ ಅಷ್ಟೇ, ಹಿಂದೆ ಉಳಿದವರಿಗೂ ಅಷ್ಟೇ.

ಶೆಟ್ರು ಮಾತ್ರ ಕೈಕಟ್ಟಿ ನಿಂತಿದ್ದರು.

“ಎಂತ ಮಾರಾಯ್ರೆ, ಇದರಲ್ಲಿ ಫಸ್ಟ್ ಯಾರು ಬಂದದ್ದು?”

ಇದರಲ್ಲಿ ಟೈಮು ಹಿಡಿಯುವುದಿಲ್ಲ, ಶೆಟ್ರೇ, ಮುಗಿಸಿದವರಿಗೆಲ್ಲ ಸನ್ಮಾನ ಎಂದೆ.

“ಟೈಮ್ ಇಲ್ಲ, ಫಸ್ಟ್ ಇಲ್ಲ, ಲಾಸ್ಟೂ ಇಲ್ಲ. ಮತ್ತೆ ನಾವು ನೋಡುದು ಎಂತದನ್ನ? ಇದು ಮೆರವಣಿಗೆ ಆಯ್ತಲ್ಲ.”

ಕಣ್ಣೊರಸುತ್ತಿದ್ದ ಮಹಿಳೆಗೆ ಕನ್ನಡ ಬರುತ್ತಿರಲಿಲ್ಲ, ನಮ್ಮ ಪುಣ್ಯ. ಆದರೆ ಶೆಟ್ರು ಹೇಳಿದ್ದರಲ್ಲಿ ಸತ್ಯ ಇಲ್ಲದಿಲ್ಲ. ಮೆರವಣಿಗೆ ತಪ್ಪೆಂದು ನಾನು ಹೇಳುವುದಿಲ್ಲ. ವರ್ಷವಿಡೀ ಮನೆಯ ಮೂರನೆಯ ಮಹಡಿಯಿಂದ ಇಳಿಯಲಾಗದವರು ಒಂದು ದಿನ ದಕ್ಷಿಣ ಮುಂಬಯಿಯ ನಟ್ಟನಡು ರಸ್ತೆಯಲ್ಲಿ ಗಾಲಿ ಉರುಳಿಸುವುದು ಸಣ್ಣ ಸಂಗತಿಯೇನಲ್ಲ, ಅಂದು ಪೊಲೀಸರೇ ಅವರಿಗಾಗಿ ಟ್ರಾಫಿಕ್ ನಿಲ್ಲಿಸಿರುತ್ತಾರೆ. ಆದರೆ ಗೆದ್ದವರಿಲ್ಲದ ಕಡೆ ಪ್ರೇಕ್ಷಕನಿಗೆ ಮರುಗುವುದೊಂದೇ ಕೆಲಸ ಉಳಿಯುತ್ತದೆ. ಮರುಕದ ಚಪ್ಪಾಳೆಗೆ ತಾಳ ಇರುವುದಿಲ್ಲ, ಅದು ನಿಲ್ಲಬೇಕಾದ ಜಾಗವೂ ಗೊತ್ತಾಗುವುದಿಲ್ಲ.

ಹಾಗೆಂದು ಅಲ್ಲಿ ಸ್ಪರ್ಧೆ ಇರಲಿಲ್ಲವೇ? ಇತ್ತು. ಏರ್ಪಡಿಸಿದವರು ಇಟ್ಟಿರಲಿಲ್ಲ ಅಷ್ಟೇ. ಮೂರು ಚಕ್ರದ ಸೈಕಲ್ಲಿನ ಇಬ್ಬರು ಮಧ್ಯವಯಸ್ಕರು ತಮ್ಮತಮ್ಮಲ್ಲೇ ಪಂಥ ಕಟ್ಟಿದ್ದರೆಂದು ಕಾಣುತ್ತದೆ. ಒಬ್ಬ ಇನ್ನೊಬ್ಬನ ದಾರಿಗೆ ಅಡ್ಡ ಹಾಕಿದ, ಅವನು ಮರಾಠಿಯಲ್ಲಿ ಬಾಯ್ತುಂಬ ಬೈದ, ಇವನು ನಗುತ್ತ ಇನ್ನಷ್ಟು ಅಡ್ಡ ಹಾಕಿದ. ಶೆಟ್ರ ಕೈ ತಾನಾಗಿ ಬಿಚ್ಚಿಕೊಂಡಿತು. “ಏ, ಅದು ಫೌಲ್! ಫೌಲ್ ಅದು!” ಎಂದು ಬ್ಯಾರಿಕೇಡಿನ ಮೇಲೆ ಬಾಗಿ ಕೂಗಿದರು. ಅಡ್ಡ ಹಾಕಿದವನು ತಿರುಗಿ ನೋಡಿ ಕಣ್ಣು ಮಿಟುಕಿಸಿದ. ಅವರ ಹಿಂದೆ ಇನ್ನೊಂದು ಜೋಡಿ ಬಂತು. ಗಾಲಿಕುರ್ಚಿಯಲ್ಲಿ ಹತ್ತು ಹನ್ನೆರಡರ ಹುಡುಗಿ, ತಳ್ಳುತ್ತಿದ್ದವರು ಯಾವುದೋ ಕಂಪನಿಯ ಟೀ ಶರ್ಟು ತೊಟ್ಟ ದಪ್ಪ ಹೊಟ್ಟೆಯ ಸ್ವಯಂಸೇವಕರು. ಅವರ ಮುಖ ಕೆಂಪೇರಿ ಉಸಿರು ಸಿಕ್ಕಿಕೊಂಡಿತ್ತು. ಹುಡುಗಿ ಹಿಂದಕ್ಕೆ ಕತ್ತು ತಿರುಗಿಸಿ “ಬಸ್, ಅಂಕಲ್, ಥೋಡಾ ಔರ್” ಎಂದು ಧೈರ್ಯ ಹೇಳುತ್ತಿದ್ದಳು. ಕಾಲೇಜು ಹುಡುಗರ ಹಲಗೆ ನಿಜವಾಗಿ ಯಾರಿಗೆ ಬೇಕಾಗಿತ್ತು ಎಂಬುದು ಆಗ ತಿಳಿಯಿತು.

ಆ ಮೇಲೆ ಆಜಾದ್ ಮೈದಾನದ ಕಡೆ ನಡೆಯುತ್ತ ಶೆಟ್ರು ಪುರಾಣ ತೆಗೆದರು. ಅವರ ಪುರಾಣಗಳೆಲ್ಲ ಬ್ರೆಬೋರ್ನ್ ಸ್ಟೇಡಿಯಮ್ಮಿನಲ್ಲೇ ಹುಟ್ಟುವುದು. 1973ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮೇಲೆ ಅಲ್ಲಿ ನಡೆದ ಟೆಸ್ಟಿಗೆ ಧಣಿಗಳ ಕೈಕಾಲು ಹಿಡಿದು ಒಂದು ದಿನದ ರಜೆ ಗಿಟ್ಟಿಸಿದ್ದರಂತೆ. ನಮ್ಮ ವಿಶ್ವನಾಥ್ ನೂರು ಹೊಡೆದಾಗ ಆರೂವರೆ ಅಡಿಯ ಟೋನಿ ಗ್ರೇಗ್ ಬಂದು ಅವರನ್ನು ಮಗುವಿನ ಹಾಗೆ ಎತ್ತಿಕೊಂಡು ತೂಗಿದ ಪ್ರಸಂಗ ಆ ಟೆಸ್ಟಿನದೇ. ಆದರೆ ಶೆಟ್ರಿಗೆ ಅದಕ್ಕಿಂತ ಚಂದ್ರಶೇಖರ್ ದೊಡ್ಡವರು. ಆ ಸರಣಿಯ ಐದು ಟೆಸ್ಟುಗಳಲ್ಲಿ ಚಂದ್ರ ತೆಗೆದದ್ದು 35 ವಿಕೆಟ್. “ಆ ಕೈ ಉಂಟಲ್ಲ, ಸಪೂರ, ಅಂಗಿ ತೋಳಿನೊಳಗೆ ಎಂತದೂ ಇಲ್ಲದ ಹಾಗೆ ಕಾಣ್ತಿತ್ತು. ಆ ತೋಳು ಗಾಳಿಗೆ ಪಟಪಟ ಅಂತ ಬಡಿಯುತ್ತಾ ಓಡಿ ಬರುವಾಗ ಇಡೀ ಸ್ಟೇಡಿಯಂ ಒಟ್ಟಿಗೆ ಕೂಗುದು, ಬೌ...ಲ್ಡ್! ಅಂತ.”

ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈಯನ್ನು ಎಳೆತನದಲ್ಲೇ ಪೋಲಿಯೊ ಸೊರಗಿಸಿತ್ತು. ಚೆಂಡು ಎಸೆಯಬೇಕಾದರೆ ಎಡಗೈಯಲ್ಲಿ ಎಸೆಯುತ್ತಿದ್ದರು. ಬೌಲಿಂಗು ಮಾತ್ರ ಸೊರಗಿದ ಕೈಯದೇ. 1964ರ ಜನವರಿಯಲ್ಲಿ ಅವರು ಮೊದಲ ಟೆಸ್ಟ್ ಆಡಿದ್ದು ಇದೇ ಬ್ರೆಬೋರ್ನಿನಲ್ಲಿ. ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮೊದಲ ಇನ್ನಿಂಗ್ಸಿನಲ್ಲೇ ನಾಲ್ಕು ವಿಕೆಟ್. ಅಂದು ತಂಡದ ನಾಯಕರಾಗಿದ್ದವರು ಪಟೌಡಿ, 1961ರ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡವರು. ಅಂದರೆ ಲೆಕ್ಕ ಹಾಕಿ: ಒಂದು ಕಣ್ಣಿನ ನಾಯಕ, ಒಂದು ಕೈ ಸೊರಗಿದ ಬೌಲರ್, ತುಂಬಿದ ಬ್ರೆಬೋರ್ನ್. ಮುಂಬಯಿಯ ಪ್ರೇಕ್ಷಕರು ಅಂದು ಅಂಗವಿಕಲರ ಆಟ ನೋಡಲು ಬಂದಿದ್ದೇವೆಂದು ಅಂದುಕೊಂಡಿರಲಿಲ್ಲ. ಟೆಸ್ಟು ನೋಡಲು ಬಂದಿದ್ದರು. ವಿಕೆಟ್ ಬಿದ್ದರೆ ಕುಣಿದರು, ಫುಲ್‌ಟಾಸ್ ಬಿದ್ದರೆ ಬೈದರು. ಚಂದ್ರ ಬ್ಯಾಟು ಹಿಡಿದು ಬಂದರಂತೂ ಬೈಯಲೂ ಹೋಗದೆ ನಗಲು ತಯಾರಾಗುತ್ತಿದ್ದರು. 58 ಟೆಸ್ಟುಗಳಲ್ಲಿ 242 ವಿಕೆಟ್ ತೆಗೆದವರು ಹೊಡೆದ ಒಟ್ಟು ರನ್ನು 167! ಆಸ್ಟ್ರೇಲಿಯದಲ್ಲಿ ಸೊನ್ನೆ ಮೇಲೆ ಸೊನ್ನೆ ಹೊಡೆದಾಗ ಬ್ಯಾಟಿನ ಕಂಪನಿಯವರು ನಡುವೆ ತೂತಿರುವ ಬ್ಯಾಟೊಂದನ್ನು ಅವರಿಗೆ ಉಡುಗೊರೆ ಕೊಟ್ಟರು. ಇಂದು ಯಾರಾದರೂ ಪೋಲಿಯೊ ಆದವರಿಗೆ ಇಂಥ ಉಡುಗೊರೆ ಕೊಟ್ಟುನೋಡಲಿ, ಸಂಜೆಯೊಳಗೆ ಕ್ಷಮಾಪಣೆಯ ಪತ್ರ ಬರೆಯಬೇಕಾಗುತ್ತದೆ. ಚಂದ್ರ ನಕ್ಕು ತೆಗೆದುಕೊಂಡರು. ಕೆಟ್ಟ ಬ್ಯಾಟಿಂಗಿಗೆ ನಗಿಸಿಕೊಳ್ಳುವ ಹಕ್ಕು ಅವರಿಗೆ ಉಳಿದಿತ್ತು.

ನನಗೆ ಅನಿಸುವುದಿಷ್ಟೆ. ಪ್ರೇಕ್ಷಕ ಬೈಯುವ ಧೈರ್ಯ ಮಾಡಿದ ಮೇಲೇ ಅದು ಆಟ, ಅಲ್ಲಿಯವರೆಗೆ ಸಮಾರಂಭ. ಸಮಾರಂಭದಲ್ಲಿ ಯಾರೂ ಔಟಾಗುವುದಿಲ್ಲ.

ಪಟೌಡಿಯ ಮಾತು ಬಂತು ನೋಡಿ, ಈ ಊರಿನ ಒಂದು ವಿಚಿತ್ರ ನೆನಪಾಗುತ್ತದೆ. 1971ರಲ್ಲಿ ಪಟೌಡಿಯವರ ನಾಯಕತ್ವ ಹೋದದ್ದು ಆಯ್ಕೆ ಸಮಿತಿಯ ಅಧ್ಯಕ್ಷ ವಿಜಯ್ ಮರ್ಚೆಂಟರ ನಿರ್ಣಾಯಕ ಮತದಿಂದ. ಆ ಜಾಗಕ್ಕೆ ಬಂದವರು ಅಜಿತ್ ವಾಡೇಕರ್. ಅದೇ ವರ್ಷ ಲಂಡನ್ನಿನ ಓವಲ್‌ನಲ್ಲಿ ವಾಡೇಕರ್ ಚೆಂಡನ್ನು ಚಂದ್ರನ ಕೈಗೆ ಕೊಟ್ಟು, ಚಂದ್ರ 38 ರನ್ನಿಗೆ ಆರು ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ನಾವು ಮೊದಲ ಸರಣಿ ಗೆದ್ದದ್ದು ಮಕ್ಕಳಿಗೂ ಗೊತ್ತು. ಆಮೇಲಿನದು ಅಷ್ಟಾಗಿ ಗೊತ್ತಿಲ್ಲ. ಮರ್ಚೆಂಟರು ಅಂಗವಿಕಲರ ಕೆಲಸಕ್ಕೆ ಕೈಹಾಕಿ, ಮುರಳಿಕಾಂತ ಪೇಟ್ಕರ್ ಎಂಬ ಮಾಜಿ ಸೈನಿಕನ ವಿದೇಶ ಪ್ರಯಾಣಕ್ಕೆ ಆಸರೆಯಾದರು. ನಮ್ಮ ಬೆಳಗಾವಿ, ವಿಜಯಪುರಗಳ ಪಕ್ಕದ ಸಾಂಗ್ಲಿ ಜಿಲ್ಲೆಯವರು ಪೇಟ್ಕರ್. 1965ರ ಯುದ್ಧದಲ್ಲಿ ಗುಂಡು ತಿಂದವರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಭಾರತದ ಮೊದಲ ಪ್ಯಾರಾಲಿಂಪಿಕ್ ಚಿನ್ನ ಅದು. ಪದ್ಮಶ್ರೀ ಬಂದದ್ದು 2018ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ. ಇತ್ತ ವಾಡೇಕರರು ದೈಹಿಕ ವಿಕಲತೆಯುಳ್ಳವರ ಕ್ರಿಕೆಟ್ ಸಂಸ್ಥೆಗೆ ವರ್ಷಾನುಗಟ್ಟಲೆ ಅಧ್ಯಕ್ಷರಾಗಿದ್ದು ಮೈದಾನ, ಹಣ, ಚೆಂಡು ಎಂದು ಕಂಡಕಂಡವರ ಬಾಗಿಲು ಬಡಿದರು. 2018ರಲ್ಲಿ ತೀರಿಕೊಂಡರು. ಮರುವರ್ಷವೇ ನಮ್ಮ ತಂಡ ಇಂಗ್ಲೆಂಡಿನ ವೂಸ್ಟರಿನಲ್ಲಿ ಇಂಗ್ಲೆಂಡನ್ನೇ ಸೋಲಿಸಿ ವಿಶ್ವ ಸರಣಿ ಗೆದ್ದಿತು. ಒಂದು ಕಣ್ಣಿನ ನಾಯಕನನ್ನು ಇಳಿಸಿದವರು, ಆ ಸ್ಥಾನಕ್ಕೆ ಏರಿದವರು, ಇಬ್ಬರೂ ಕೊನೆಗೆ ಬಂದು ಸೇರಿದ್ದು ಈ ಮೈದಾನಕ್ಕೆ. ಕಾದಂಬರಿಯಲ್ಲಿ ಹೀಗೆ ಬರೆದರೆ ಅತಿಯಾಯಿತು ಎನ್ನುತ್ತೇವೆ.

ಮ್ಯಾರಥಾನ್ ನೋಡಿ ಬಂದ ಮೇಲೆ ಶೆಟ್ರ ಹಟ ಬೆಳೆಯಿತು. ಟೈಮು ಹಿಡಿಯುವ, ಸ್ಕೋರು ಬರೆಯುವ ಆಟ ಬೇಕು ಎಂದರು. ಹಾಗೆ ನಾವು ಮರೀನ್ ಡ್ರೈವಿನ ಜಿಮಖಾನಾ ಮೈದಾನವೊಂದರಲ್ಲಿ ಅಂಧರ ಕ್ರಿಕೆಟ್ ಪಂದ್ಯಕ್ಕೆ ಹೋದೆವು. ಟಿಕೆಟಿಲ್ಲ, ಶಾಮಿಯಾನದಡಿ ಪ್ಲಾಸ್ಟಿಕ್ ಕುರ್ಚಿ, ಉಚಿತ ಕಟಿಂಗ್ ಚಹಾ. ಮೊದಲ ಚೆಂಡಿಗೇ ನಮ್ಮ ಗ್ರಹಚಾರ ಕೆಟ್ಟಿತು. ಶೆಟ್ರು ಅಭ್ಯಾಸಬಲದಿಂದ ‘ಬೌ...’ ಎಂದು ಬಾಯಿ ತೆರೆದರು. ಅಂಪೈರು ಆಟ ನಿಲ್ಲಿಸಿ ನಮ್ಮ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

ಈ ಆಟದ ಕ್ರಮ ಸ್ವಲ್ಪ ಹೇಳಬೇಕು. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಗುಂಡುಗಳಿದ್ದು ಉರುಳಿದರೆ ಗಲಗಲ ಎನ್ನುತ್ತದೆ. ಬೌಲಿಂಗು ಕೈ ಕೆಳಗಿನಿಂದ, ಪಿಚ್ಚಿನ ಅರ್ಧಕ್ಕೂ ಮೊದಲೇ ಚೆಂಡು ನೆಲ ಮುಟ್ಟಬೇಕು. ಸ್ಟಂಪು ಲೋಹದ್ದು, ತಾಗಿದರೆ ಸದ್ದಾಗುತ್ತದೆ. ಬೌಲರ್ ‘ರೆಡಿ?’ ಎಂದು ಕೇಳಬೇಕು, ಬ್ಯಾಟ್ಸ್‌ಮನ್ ‘ಯೆಸ್’ ಅನ್ನಬೇಕು, ಬೌಲರ್ ‘ಪ್ಲೇ’ ಎಂದು ಚೆಂಡು ಬಿಡಬೇಕು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಬಿ-1, ಅಂದರೆ ಏನೇನೂ ಕಾಣದವರು. ಮಿಕ್ಕವರು ಬಿ-2, ಬಿ-3, ಮಬ್ಬು ಮಬ್ಬಾಗಿ ಅಷ್ಟಿಷ್ಟು ಕಾಣುವವರು. ಬಿ-1 ಹೊಡೆದ ಒಂದು ರನ್ನಿಗೆ ಎರಡರ ಲೆಕ್ಕ. ಅವರು ಒಂದು ಪುಟಿತದ ಮೇಲೆ ಹಿಡಿದರೂ ಕ್ಯಾಚು. ಮತ್ತು ತಂಡದ ಓವರುಗಳಲ್ಲಿ ನೂರಕ್ಕೆ ನಲವತ್ತನ್ನು ಬಿ-1ರವರೇ ಹಾಕಬೇಕು, ಇಪ್ಪತ್ತು ಓವರಿನ ಪಂದ್ಯದಲ್ಲಿ ಎಂಟು. ಈ ಎಂಟನ್ನು ನೆನಪಿಡಿ, ಮುಂದೆ ಜಗಳಕ್ಕೆ ಬೇಕು.

ಚೆಂಡಿನ ಸದ್ದೇ ದಾರಿಯಾದ್ದರಿಂದ ಪ್ರೇಕ್ಷಕ ತುಟಿ ಬಿಚ್ಚುವಂತಿಲ್ಲ. ಮುಂಬಯಿಯಲ್ಲಿ ಇದನ್ನು ಆಡುವವರ ಪಾಡು ಯೋಚಿಸಿ. ಒಂದು ಕಡೆ ಚರ್ಚ್‌ಗೇಟಿಗೆ ಹೋಗುವ ಲೋಕಲ್ಲಿನ ಭೋಂಗಾ, ಇನ್ನೊಂದು ಕಡೆ ಮರೀನ್ ಡ್ರೈವಿನ ಟ್ಯಾಕ್ಸಿಗಳ ಹಾರ್ನು, ಪಕ್ಕದ ಮೈದಾನದಲ್ಲಿ ಕಣ್ಣಿರುವವರ ಇನ್ನೊಂದು ಪಂದ್ಯ. ಬೌಲರ್ ‘ರೆಡಿ?’ ಎಂದಾಗ ಬ್ಯಾಟ್ಸ್‌ಮನ್ ‘ನೋ’ ಎಂದು ಕೈಯೆತ್ತಿ ರೈಲು ದಾಟಲಿ ಎಂದು ಕಾಯುತ್ತಾನೆ. ಎಲ್ಲರೂ ಕಾಯುತ್ತಾರೆ. ಮತ್ತೆ ‘ರೆಡಿ?’ ಆಮೇಲೆ ಚೆಂಡು ಗಲಗಲ ಎಂದು ನೆಲ ಹಿಡಿದು ಬರುತ್ತದೆ, ಬ್ಯಾಟ್ಸ್‌ಮನ್ ಮಂಡಿಯೂರಿ ಇಡೀ ಮೈ ಹಾಕಿ ಸ್ವೀಪು ಬಾರಿಸುತ್ತಾನೆ. ಆ ಸ್ವೀಪನ್ನು ನೋಡಿದಾಗ ಶೆಟ್ರು ಕೂಗಲೂ ಆಗದೆ, ಸುಮ್ಮನಿರಲೂ ಆಗದೆ ನನ್ನ ತೊಡೆಗೆ ಹೊಡೆದರು. ಪಂದ್ಯ ಮುಗಿಯುವಷ್ಟರಲ್ಲಿ ನನ್ನ ಎಡ ತೊಡೆ ಬಾತಿತ್ತು.

ಮೌನದಲ್ಲೇ ನೋಡಬೇಕಾದ ಇನ್ನೊಂದು ಆಟಕ್ಕೂ ಮುಂಬಯಿಯೇ ತವರು. ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡ ಚಾರುದತ್ತ ಜಾಧವ್ ಅಂಧರ ಚೆಸ್ಸಿಗೆ ಅಖಿಲ ಭಾರತದ ಸಂಸ್ಥೆ ಕಟ್ಟಿದ್ದು ಇಲ್ಲಿಂದಲೇ. ಹಲಗೆಯಲ್ಲಿ ಕಪ್ಪು ಮನೆಗಳು ಎತ್ತರ, ಬಿಳಿ ಮನೆಗಳು ತಗ್ಗು, ಕಾಯಿಗಳ ಅಡಿಯಲ್ಲಿ ಮೊಳೆ, ಕಪ್ಪು ಕಾಯಿಗಳ ತಲೆಯ ಮೇಲೆ ಗುರುತಿಗೆ ಮುಳ್ಳು. ಒಬ್ಬೊಬ್ಬರದೂ ಒಂದೊಂದು ಹಲಗೆ, ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಹೇಳುವುದಕ್ಕೆ ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಈವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಎಂದು ಸಾಲುಗಳಿಗೆ ಹೆಸರಿವೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿ ಇದರಲ್ಲಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್. ಗಂಗೊಳ್ಳಿ ಎಂದು ಕಿವಿಗೆ ಬಿದ್ದದ್ದೇ ಶೆಟ್ರು, “ನಮ್ಮ ಕುಂದಾಪುರದ ಹೊಳೆ ದಾಟಿದರೆ ಗಂಗೊಳ್ಳಿ ಅಲ್ವಾ!” ಎಂದು ಆ ಚಾಂಪಿಯನ್ನನನ್ನು ತಮ್ಮ ತಾಲೂಕಿಗೆ ಸೇರಿಸಿಕೊಂಡುಬಿಟ್ಟರು.

ಅಂಧರ ಕ್ರಿಕೆಟ್ಟಿನ ರಾಜಧಾನಿ ಮಾತ್ರ ಬೆಂಗಳೂರು. ಇದರಲ್ಲಿ ಮುಂಬಯಿಯವರು ನಮ್ಮ ಮುಂದೆ ಸ್ವಲ್ಪ ಸುಮ್ಮನಿರಬೇಕು. ಬೆಳಗಾವಿ ಜಿಲ್ಲೆಯ ಮಹಾಂತೇಶ್ ಮತ್ತು ಅವರ ಗೆಳೆಯ ನಾಗೇಶ್, ಇಬ್ಬರೂ ದೃಷ್ಟಿ ಸಮಸ್ಯೆಯವರೇ, 1997ರಲ್ಲಿ ಸಮರ್ಥನಂ ಸಂಸ್ಥೆ ಕಟ್ಟಿದರು. ಭಾರತದ ಅಂಧರ ಕ್ರಿಕೆಟ್ಟನ್ನು ಹೆಗಲ ಮೇಲೆ ಹೊತ್ತದ್ದು ಅದೇ ಮನೆ. ಮೊದಲ ಟಿ-20 ವಿಶ್ವಕಪ್ 2012ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಶಿವಮೊಗ್ಗದ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಪಾಕಿಸ್ತಾನವನ್ನು ಸೋಲಿಸಿದೆವು. 2017ರ ಫೆಬ್ರವರಿ 12ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮತ್ತೆ ಪಾಕಿಸ್ತಾನದ ಮೇಲೆ ಫೈನಲ್. ಒಂಬತ್ತು ವಿಕೆಟ್ ಗೆಲುವು. ಕರ್ನಾಟಕದ ಪ್ರಕಾಶ್ ಜಯರಾಮಯ್ಯ ಔಟಾಗದೆ 99. ಗೆದ್ದ ಸಂತೋಷದಲ್ಲಿ ಇಡೀ ದೇಶ ಈ ಒಂದು ರನ್ನನ್ನು ಮರೆಯಿತು. ಶೆಟ್ರು ಇನ್ನೂ ಮರೆತಿಲ್ಲ. “ಪಾಕಿಸ್ತಾನದವ ಒಂದು ರನ್ನು ಜಾಸ್ತಿ ಹೊಡೆದಿದ್ರೆ ಇವನದ್ದು ಸೆಂಚುರಿ ಆಗ್ತಿತ್ತು” ಎಂದು ಈಗಲೂ ಎದುರಾಳಿಯ ಮೇಲೆ ತಪ್ಪು ಹೊರಿಸುತ್ತಾರೆ. 2022ರ ಡಿಸೆಂಬರಿನಲ್ಲಿ ಅದೇ ಚಿನ್ನಸ್ವಾಮಿಯಲ್ಲಿ ಬಾಂಗ್ಲಾದೇಶದ ಮೇಲೆ ನಮ್ಮವರು 277 ಹೊಡೆದರು. ಅದರಲ್ಲಿ ಚಿಕ್ಕಮಗಳೂರಿನ ಸುನಿಲ್ ರಮೇಶ್ ಒಬ್ಬರದೇ 136. ಅಷ್ಟು ಹೊತ್ತು ಸುಮ್ಮನೆ ಕೂರುವುದೆಂದರೆ, ಐಪಿಎಲ್ಲಿನಲ್ಲಿ ಗಂಟಲು ಹರಿದುಕೊಳ್ಳುವ ಗ್ಯಾಲರಿಗೆ ಅದೊಂದು ವ್ರತ.

ಹೆಣ್ಣುಮಕ್ಕಳದು ಇತ್ತೀಚಿನ ಕಥೆ. 2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಹರ್ಮನ್‌ಪ್ರೀತ್ ತಂಡ ವಿಶ್ವಕಪ್ ಗೆದ್ದಾಗ ನಡುರಾತ್ರಿ ದಾಟಿತ್ತು, ಮಳೆಯಿಂದ ಆಟವೇ ತಡವಾಗಿ ಶುರುವಾಗಿತ್ತು. ಟಿಕೆಟ್ಟಿಗೆ ಪರದಾಡಿದವರ ಕಥೆಗಳು ನಮ್ಮ ಲೋಕಲ್ಲಿನಲ್ಲಿ ವಾರಗಟ್ಟಲೆ ಓಡಿದವು. ಅದೇ ತಿಂಗಳ 23ರಂದು ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊಟ್ಟಮೊದಲ ಟಿ-20 ವಿಶ್ವಕಪ್ಪಿನ ಫೈನಲ್. ಕರ್ನಾಟಕದ ದೀಪಿಕಾ ಟಿ.ಸಿ. ನಾಯಕಿ. ನೇಪಾಳದ ಮೇಲೆ ಏಳು ವಿಕೆಟ್ ಗೆಲುವು. ಮರುದಿನ ಲೋಕಲ್ಲಿನಲ್ಲಿ ಈ ಗೆಲುವಿನ ಸುದ್ದಿ ತೆಗೆದವರು ಶೆಟ್ರು ಒಬ್ಬರೇ. ಎದುರು ಕೂತವರು ‘ವಾಹ್, ಗ್ರೇಟ್, ಕಣ್ಣಿಲ್ಲದಿದ್ರೂ!’ ಎಂದರು. ಯಾರು ಎಷ್ಟು ಹೊಡೆದರು ಎಂದು ಒಬ್ಬರೂ ಕೇಳಲಿಲ್ಲ ಎಂಬುದು ಶೆಟ್ರ ದೂರು. ಹೊಗಳಿಕೆ ಸಿಕ್ಕಿತು, ಸ್ಕೋರು ಕೇಳುವವರು ಸಿಗಲಿಲ್ಲ.

ಪ್ಯಾರಾಲಿಂಪಿಕ್ಸ್ ಪದಕಗಳ ಸಂಖ್ಯೆ ಏರಿದೆ, ಟೋಕಿಯೊದಲ್ಲಿ 19, ಪ್ಯಾರಿಸಿನಲ್ಲಿ 29. ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜರಿಗೆ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ. ಅದಕ್ಕೂ ಮೊದಲು 2012ರ ಲಂಡನ್ನಿನಲ್ಲಿ ಇಡೀ ಭಾರತಕ್ಕೆ ಬಂದ ಒಂದೇ ಪದಕ, ಎತ್ತರ ಜಿಗಿತದ ಬೆಳ್ಳಿ, ಅದೇ ಹಾಸನ ಜಿಲ್ಲೆಯ ಗಿರೀಶರದು. ಹಾಸನದ ನೀರಿನಲ್ಲಿ ಬೆಳ್ಳಿ ಇದೆಯೋ ಏನೋ. ಇಷ್ಟಾದರೂ ನಾವು ಟಿವಿಯ ಮುಂದೆ ಕೂತಾಗ ಟಿ-42, ಎಫ್-46, ಎಸ್‌ಎಲ್-4 ಎಂಬ ವರ್ಗಗಳು ಬಂದರೆ ಕಣ್ಣು ಮಿಟುಕಿಸುತ್ತೇವೆ. ಎಲ್‌ಬಿಡಬ್ಲ್ಯು ನಿಯಮವನ್ನು ಅಡುಗೆಮನೆಯಿಂದಲೇ ವಿವರಿಸಬಲ್ಲ ಮನೆಮನೆಗಳ ದೇಶದಲ್ಲಿ ಇದು ಕಲಿಯಲಾಗದ ವಿದ್ಯೆಯೇನಲ್ಲ. ಶೆಟ್ರು ಒಂದೇ ಮಧ್ಯಾಹ್ನದಲ್ಲಿ ಬಿ-1, ಬಿ-2, ಬಿ-3 ಕಲಿತು, ಮೂರು ಗಂಟೆಯ ಹೊತ್ತಿಗೆ ಮೂರನೆಯ ಕುರ್ಚಿಯವರಿಗೆ ಪಾಠ ಹೇಳುತ್ತಿದ್ದರು.

ಆ ಜಿಮಖಾನಾ ಪಂದ್ಯದ ಕೊನೆ ಹೀಗಾಯಿತು. ಕೊನೆಯ ಎರಡು ಓವರಿನಲ್ಲಿ ಹತ್ತೊಂಬತ್ತು ರನ್ನು ಬೇಕಿತ್ತು. ಬೌಲಿಂಗ್ ತಂಡದ ಕಪ್ತಾನ ಎರಡೂ ಓವರನ್ನು ಬಿ-1 ಬೌಲರುಗಳಿಗೆ ಕೊಟ್ಟ. ಮೊದಲನೆಯದರಲ್ಲಿ ಎರಡು ಬೌಂಡರಿ, ಎರಡು ವೈಡು. ಎರಡನೆಯದರಲ್ಲಿ ಇನ್ನೂ ಚೆಂಡು ಉಳಿದಿರುವಾಗಲೇ ಪಂದ್ಯ ಮುಗಿಯಿತು. ಬಹುಮಾನ ವಿತರಣೆಗೆ ಬಂದ ಗಣ್ಯರು ಇಲ್ಲಿ ಸೋತವರೇ ಇಲ್ಲ, ಎಲ್ಲರೂ ಗೆದ್ದವರೇ ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಸೋತ ಕಪ್ತಾನ ಮುಖ ಗಂಟಿಕ್ಕಿಕೊಂಡು ನಿಂತಿದ್ದ.

ಗಣ್ಯರು ಹೋದ ಮೇಲೆ ಶೆಟ್ರು ಸೀದಾ ಅವನ ಹತ್ತಿರ ನಡೆದರು. ನಾನು ತಡೆಯುವ ಮೊದಲೇ ತಮ್ಮ ಕುಂದಾಪುರದ ಹಿಂದಿಯಲ್ಲಿ ಶುರುಮಾಡಿದರು. ಬಿ-1ರ ಎಂಟು ಓವರು ಕಡ್ಡಾಯ ಅಂತ ಗೊತ್ತಿದ್ದ ಮೇಲೆ ಅದನ್ನು ಮೊದಲೇ ಮುಗಿಸುವುದು ಬಿಟ್ಟು ಎರಡನ್ನು ಕೊನೆಗೆ ಇಟ್ಟುಕೊಂಡದ್ದು ಯಾವ ಶಾಣ್ಯಾತನ?

ಕಪ್ತಾನ ತಲೆಯೆತ್ತಿ ಧ್ವನಿ ಬಂದ ಕಡೆ ತಿರುಗಿದ. ನೀವು ಯಾರು, ಎಲ್ಲಿ ಕೂತಿದ್ದಿರಿ ಎಂದು ಕೇಳಿದ. ಶಾಮಿಯಾನದಲ್ಲಿ ಎಂದರು ಶೆಟ್ರು. ಶಾಮಿಯಾನದಲ್ಲಿ ಚಹಾ ಕುಡಿದುಕೊಂಡು ಹೇಳುವುದು ಸುಲಭ, ನಡುವೆ ಹೊಡೆಯುತ್ತಿದ್ದ ಆ ಬಿ-3ಗೆ ಬಿ-1 ಬೌಲಿಂಗ್ ಕೊಟ್ಟಿದ್ದರೆ ಪಂದ್ಯ ಹದಿನೈದನೆಯ ಓವರಿಗೇ ಮುಗಿಯುತ್ತಿತ್ತು, ಅವನು ಔಟಾಗಲಿ ಎಂದೇ ಕಾದೆ ಎಂದ. ಹಾಗಾದರೆ ಅವನು ಹನ್ನೆರಡನೆಯ ಓವರಿನಲ್ಲಿ ಔಟಾದ ಕೂಡಲೇ ಯಾಕೆ ಕೊಡಲಿಲ್ಲ ಎಂದರು ಶೆಟ್ರು. ಹನ್ನೆರಡಲ್ಲ, ಹದಿನಾಲ್ಕು ಎಂದ ಕಪ್ತಾನ. ಸ್ಕೋರರ್ ತನ್ನ ಪುಸ್ತಕ ತೆಗೆದ. ಹದಿಮೂರು ಎಂದಿತ್ತು. ಅದೂ ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ. ವಿಕೆಟ್ ಕೀಪರ್ ಬಂದು ಸೇರಿಕೊಂಡ, ಅವನು ಶೆಟ್ರ ಪಕ್ಷ. ನನಗೆ ಆರು ಹತ್ತರ ಡೊಂಬಿವಲಿ ಫಾಸ್ಟ್ ಹಿಡಿಯಬೇಕಿತ್ತು. ಗಡಿಯಾರ ತೋರಿಸಿದೆ. ಶೆಟ್ರು ಕೈ ಬೀಸಿ, “ನೀವು ಹೋಗಿ ಮಾರಾಯ್ರೆ, ನಾನು ಇವರ ಒಟ್ಟಿಗೆ ಬರ್ತೇನೆ. ಇವರೂ ಸೆಂಟ್ರಲ್ ಲೈನಿನವರೇ” ಎಂದವರು ಕಪ್ತಾನನ ಕಡೆ ತಿರುಗಿ ಮತ್ತೆ ಹದಿಮೂರನೆಯ ಓವರಿನಿಂದ ಶುರುಮಾಡಿದರು.